ಆಪ್ತಸಮಾಲೋಚಕರ ಎದುರಿನ ಕುರ್ಚಿ

ನಮ್ಮ ತಲೆಮಾರಿನವರ ಬಾಲ್ಯದಲ್ಲಿ ನಿಮ್ಹಾನ್ಸ್ ಎಂಬ ಹೆಸರು ಇನ್ನೂ ಹುಟ್ಟಿರಲಿಲ್ಲ. ಜನರ ಬಾಯಲ್ಲಿ ಅದು ಬೆಂಗಳೂರಿನ ‘ಹುಚ್ಚಾಸ್ಪತ್ರೆ’. ಅಲ್ಲಿಗೆ ಸೇರಿಸಬೇಕು ಎಂಬ ಮಾತು ಬೈಗುಳವಾಗಿತ್ತೇ ಹೊರತು ಸಲಹೆಯಾಗಿರಲಿಲ್ಲ. ಆಸ್ಪತ್ರೆಯ ಹೆಸರು ಬದಲಾಯಿತು, ಆದರೆ ಆ ಮಾತಿನ ಅಂಜಿಕೆ ಹೋಗಲಿಲ್ಲ. ಈಚೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ, “ಸರ್, ಸರಿಯಾಗಿ ನಿದ್ದೆ ಮಾಡಿ ಮೂರು ತಿಂಗಳಾಯ್ತು. ಕೌನ್ಸೆಲರ್ ಹತ್ರ ಹೋಗು ಅಂತಾರೆ. ಹೋದರೆ ಮನೆಯವರು ಏನು ತಿಳ್ಕೊಳ್ತಾರೋ. ಅಲ್ಲಿ ಏನೇನು ಕೇಳ್ತಾರೆ ಸರ್?” ಎಂದು ಕೇಳಿದಳು. ಅವಳಂತೆ ಬಾಯಿಬಿಟ್ಟು ಕೇಳದವರು ನಿಮ್ಮಲ್ಲಿ ಇನ್ನೆಷ್ಟು ಮಂದಿಯೋ! ಅವಳ ಒಪ್ಪಿಗೆ ಪಡೆದು, ಅವಳಿಗೆ ಹೇಳಿದ್ದನ್ನು ಕೊಂಚ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇತಿಹಾಸದ ಮೇಷ್ಟ್ರು ಯಾವ ಪ್ರಶ್ನೆಗೂ ಇಸವಿಯಿಂದಲೇ ಉತ್ತರ ಆರಂಭಿಸುವವನೆಂಬುದು ನಿಮಗೆ ಗೊತ್ತೇ ಇದೆ.

ಮಾತೇ ಮದ್ದಾಗಬಲ್ಲದೆಂಬ ಆಧುನಿಕ ವಿಚಾರದ ಜಾಡು ಹಿಡಿದು ಹೊರಟರೆ ವಿಯೆನ್ನಾ ನಗರಕ್ಕೆ ಹೋಗಿ ತಲುಪುತ್ತೇವೆ. ಅಲ್ಲಿ 1880ರಿಂದ 1882ರವರೆಗೆ ಜೋಸೆಫ್ ಬ್ರೂಯರ್ ಎಂಬ ವೈದ್ಯರು ಬರ್ತಾ ಪಾಪೆನ್‌ಹೈಮ್ ಎಂಬ ತರುಣಿಗೆ ಚಿಕಿತ್ಸೆ ನೀಡಿದರು. ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡಾಗ ಆಕೆಗೆ ಹಗುರವೆನಿಸುತ್ತಿತ್ತು. ಅದನ್ನು ಆಕೆಯೇ ತಮಾಷೆಯಾಗಿ ಹೊಗೆಗೂಡು ಗುಡಿಸುವ ಕೆಲಸಕ್ಕೆ ಹೋಲಿಸಿದ್ದಳು. ಬ್ರೂಯರ್ ಮತ್ತು ಫ್ರಾಯ್ಡ್ ಈ ಪ್ರಕರಣವನ್ನು 1895ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಆದರೆ ಆಕೆ ಆ ಬಳಿಕವೂ ಚಿಕಿತ್ಸಾಲಯಗಳಲ್ಲಿ ಇರಬೇಕಾಯಿತೆಂಬುದನ್ನು ಮುಂದಿನ ಸಂಶೋಧಕರು ದಾಖಲೆಗಳಿಂದ ತೋರಿಸಿಕೊಟ್ಟರು. ಹಾಗೆಂದು ಆಕೆಯ ಬದುಕು ಅಲ್ಲಿಗೇ ಮುಗಿಯಲಿಲ್ಲ. 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಸಂಘವನ್ನು ಸ್ಥಾಪಿಸಿ ದೊಡ್ಡ ಸಮಾಜಸೇವಕಿ ಎನಿಸಿಕೊಂಡಳು. ಆದ್ದರಿಂದ ಮೊದಲ ಪಾಠವಿದು: ಒಂದೆರಡು ಭೇಟಿಗಳಲ್ಲಿ ಪವಾಡ ನಡೆಯುವುದಿಲ್ಲ, ನಿಧಾನವಾಯಿತೆಂದು ನಿರಾಶರಾಗಲೂ ಬೇಕಿಲ್ಲ.

ಅಮೆರಿಕದ ಕಾರ್ಲ್ ರೋಜರ್ಸ್ 1942ರಲ್ಲಿ ಆಪ್ತಸಮಾಲೋಚನೆಯನ್ನು ಕುರಿತ ತಮ್ಮ ಹೆಸರಾಂತ ಗ್ರಂಥವನ್ನು ಪ್ರಕಟಿಸಿದರು. ಬಂದವರನ್ನು ‘ರೋಗಿ’ ಎನ್ನದೆ ‘ಕಕ್ಷಿದಾರ’ ಎಂಬರ್ಥದ ಪದದಿಂದ ಕರೆದರು. ಬುದ್ಧಿವಾದ ಹೇಳುವುದಕ್ಕಿಂತ ಗೌರವದಿಂದ ಕೇಳಿಸಿಕೊಳ್ಳುವುದೇ ಮುಖ್ಯವೆಂಬುದು ಅವರ ನಿಲುವು. ನಮ್ಮಲ್ಲಿ ಹಿರಿಯರ ಬಳಿ ಕಷ್ಟ ಹೇಳಿಕೊಂಡರೆ ಮರುಕ್ಷಣವೇ ನಾಲ್ಕು ಉಪದೇಶಗಳು ಉದುರುತ್ತವಲ್ಲವೇ? ಸಮಾಲೋಚಕರು ಹಾಗೆ ಮಾಡದಿದ್ದರೆ ಅವರಿಗೆ ಏನೂ ತಿಳಿಯದೆಂದು ಭಾವಿಸಬೇಡಿ. 1960ರ ದಶಕದಲ್ಲಿ ಏರನ್ ಬೆಕ್ ರೂಪಿಸಿದ ವಿಧಾನದಲ್ಲಿ ಮನೆಗೆಲಸವೂ ಉಂಟು! ದಿನದಲ್ಲಿ ಯಾವಾಗ ಯಾವ ಯೋಚನೆ ಬಂತು, ಅದರಿಂದ ಮನಸ್ಸು ಹೇಗಾಯಿತು ಎಂದು ಬರೆದುಕೊಂಡು ಹೋಗಬೇಕು.

ನಮ್ಮ ದೇಶವೇನೂ ಹಿಂದೆ ಬಿದ್ದಿರಲಿಲ್ಲ. ಗಿರೀಂದ್ರಶೇಖರ ಬೋಸರು 1922ರಲ್ಲಿಯೇ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು. ಬೆಂಗಳೂರಿನ ಹಳೆಯ ಆಸ್ಪತ್ರೆ 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂಬ ಹೆಸರು ಪಡೆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಆ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೀಗೆ ಈ ವಿದ್ಯೆ ನಮ್ಮ ಭಾಷೆಗೂ ಹೊರಗಿನದಲ್ಲ.

ಇನ್ನು ಕೋಣೆಯ ಒಳಗೆ ನಡೆಯುವುದು. ಮೊದಲ ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಏನು ತೊಂದರೆ, ಎಂದಿನಿಂದ, ನಿದ್ದೆ, ಊಟ, ಕೆಲಸ ಹೇಗಿವೆ, ಮನೆಯಲ್ಲಿ ಯಾರಿದ್ದಾರೆ, ಹಿಂದೆ ಕಾಯಿಲೆಗಳಿದ್ದವೇ ಎಂದು ಕೇಳುತ್ತಾರೆ. ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದೂ ನೇರವಾಗಿ ಕೇಳಬಹುದು. ಗಾಬರಿಯಾಗಬೇಡಿ, ಹಲವರನ್ನು ಕೇಳುವ ಪ್ರಶ್ನೆಯದು, ನಿಜವನ್ನೇ ಹೇಳಿ. ಹೇಳಲಾಗದ ಸಂಗತಿಗಳಿದ್ದರೆ “ಇವತ್ತು ಬೇಡ” ಎನ್ನುವ ಹಕ್ಕು ನಿಮಗಿದೆ. ಅತ್ತರೂ ನಾಚಿಕೆಪಡಬೇಕಾಗಿಲ್ಲ. ಮೊದಲ ದಿನ ಮನೆಗೆ ಮರಳುವಾಗ ಮನಸ್ಸು ಹಗುರಾಗುವ ಬದಲು ಭಾರವಾಗಲೂಬಹುದು. ಹುಣ್ಣನ್ನು ತೊಳೆಯುವಾಗ ಉರಿಯುವುದಿಲ್ಲವೇ?

ಆಡಿದ ಮಾತು ಹೊರಗೆ ಹೋಗುವುದೇ ಎಂಬುದೇ ನಮ್ಮವರ ದೊಡ್ಡ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕೆಂದು ಸಾರಿದೆ. ನಿಮ್ಮ ಅಥವಾ ಇತರರ ಜೀವಕ್ಕೆ ಅಪಾಯವಿದ್ದಾಗ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದಾಗ, ನ್ಯಾಯಾಲಯ ಕೇಳಿದಾಗ, ಹೀಗೆ ಕೆಲವು ವಿನಾಯಿತಿಗಳಿವೆ. ಅವನ್ನು ಮೊದಲ ಭೇಟಿಯಲ್ಲಿಯೇ ಕೇಳಿ ತಿಳಿದುಕೊಳ್ಳಿ. ಸಮಾಲೋಚಕರ ವಿದ್ಯಾರ್ಹತೆ, ಶುಲ್ಕ, ಎಷ್ಟು ಭೇಟಿಗಳು ಬೇಕಾಗಬಹುದು ಎಂಬುದನ್ನೂ ಸಂಕೋಚವಿಲ್ಲದೆ ವಿಚಾರಿಸಿ. ಔಷಧಿ ಬರೆದುಕೊಡುವವರು ಮನೋವೈದ್ಯರು. ಅಗತ್ಯ ಕಂಡರೆ ಸಮಾಲೋಚಕರೇ ಅವರಲ್ಲಿಗೆ ಕಳುಹಿಸುತ್ತಾರೆ. ಎರಡು ಮೂರು ಭೇಟಿಗಳಾದರೂ ಹೊಂದಿಕೆಯಾಗದಿದ್ದರೆ ಅದನ್ನು ಅವರಿಗೇ ತಿಳಿಸಿ ಬೇರೊಬ್ಬರನ್ನು ನೋಡಬಹುದು.

ಸಂಬಂಧಿಕರಿಗೂ ಒಂದು ಮಾತು. ಮನೆಯಲ್ಲಿ ಯಾರಾದರೂ ಹೋಗಿ ಬಂದರೆ “ಅಲ್ಲಿ ಏನು ಹೇಳಿದೆ? ನಮ್ಮ ಬಗ್ಗೆ ಹೇಳಿದೆಯಾ?” ಎಂದು ವಿಚಾರಣೆ ಮಾಡದಿರಿ. ಒಂದು ಲೋಟ ಕಾಫಿ ಕೊಟ್ಟು ಸುಮ್ಮನೆ ಜೊತೆಯಲ್ಲಿ ಕುಳಿತುಕೊಳ್ಳಿ, ಅಷ್ಟು ಸಾಕು. ಹೋಗಲು ಧೈರ್ಯ ಸಾಲದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಿಂದೆ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಈ ವಯಸ್ಸಿನಲ್ಲಿ ನಿಮಗೆ ಬಾಯಿಪಾಠಕ್ಕೆ ಕೊಡುವುದು ಇದೊಂದನ್ನೇ.