ಸಿದ್ಧೇಶ್ವರದ ಕಾಡಿನ ಕಾಳಗ

ನಾಲ್ಕನೆಯ ಮೈಸೂರು ಯುದ್ಧವೆಂದೊಡನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಶ್ರೀರಂಗಪಟ್ಟಣದ ಕೋಟೆಯೂ 1799ರ ಮೇ 4ನೆಯ ದಿನಾಂಕವೂ ನೆನಪಾಗಬಹುದು. ಪಠ್ಯಪುಸ್ತಕದಲ್ಲಿ ಇದ್ದುದೂ ಅಷ್ಟೇ. ಆದರೆ ಆ ಯುದ್ಧದ ಮೊದಲ ದೊಡ್ಡ ಕಾಳಗ ನಡೆದದ್ದು ನಮ್ಮ ಪಿರಿಯಾಪಟ್ಟಣದ ಬಳಿ, ಕೊಡಗಿನ ಗಡಿಯ ಸಿದ್ಧೇಶ್ವರ ಗುಡ್ಡದ ಕಾಡಿನಲ್ಲಿ. ಆಂಗ್ಲರ ದಾಖಲೆಗಳಲ್ಲಿ ಇದು 'ಸೀಡಸೀರ್' ಆಗಿದೆ.

ಪೂರ್ವದಿಂದ ಜನರಲ್ ಹ್ಯಾರಿಸ್, ಪಶ್ಚಿಮದಿಂದ ಕೊಡಗಿನ ಮಾರ್ಗವಾಗಿ ಜನರಲ್ ಸ್ಟುವರ್ಟ್, ಹೀಗೆ ಎರಡು ಸೈನ್ಯಗಳು ಶ್ರೀರಂಗಪಟ್ಟಣದತ್ತ ಹೊರಟಿದ್ದವು. ಹ್ಯಾರಿಸನ ಕಡೆಯ ಸಂಕೇತಗಳನ್ನು ಕಾಣಲು ಸ್ಟುವರ್ಟನಿಗೆ ಈ ಗುಡ್ಡ ಬೇಕಾಗಿತ್ತು. ದಟ್ಟ ಕಾಡಿನಲ್ಲಿ ದೊಡ್ಡ ಸೈನ್ಯ ಇಳಿದುಕೊಳ್ಳಲು ಸ್ಥಳವಿರಲಿಲ್ಲ. ಆದ್ದರಿಂದ ಮಾಂಟ್ರೆಸರನ ಕೈಕೆಳಗಿನ ಸಿಪಾಯಿಗಳ ಪಡೆಯನ್ನಷ್ಟೇ ಮುಂದಿಟ್ಟು, ಉಳಿದವರನ್ನು ಸಿದ್ದಾಪುರದ ಕಡೆ ಮೈಲಿಗಳಷ್ಟು ಹಿಂದೆ ನಿಲ್ಲಿಸಿದ್ದನು.

ಟಿಪ್ಪು ಸುಲ್ತಾನನು ಇದನ್ನರಿತು ವೇಗವಾಗಿ ಪಿರಿಯಾಪಟ್ಟಣಕ್ಕೆ ಬಂದನು. ಗುಡ್ಡದ ಮೇಲಿನ ಕಾವಲಿಗೆ ಡೇರೆಗಳ ಸಾಲೂ ಅವುಗಳ ನಡುವೆ ಹಸಿರು ಡೇರೆಯೊಂದೂ ಕಂಡವು. ಮಾರ್ಚ್ ಮೊದಲ ವಾರದ ಒಂದು ಬೆಳಿಗ್ಗೆ ಮೈಸೂರಿನ ಪಡೆಗಳು ಸದ್ದಿಲ್ಲದೆ ಕಾಡು ಹೊಕ್ಕು, ಮುಂದಿನಿಂದಲೂ ಹಿಂದಿನಿಂದಲೂ ಏಕಕಾಲದಲ್ಲಿ ಮೇಲೆರಗಿದವು. ಹಿಂದಿನ ದಾರಿ ಕಡಿದುಹೋಯಿತು. ಸುತ್ತುವರಿಯಲ್ಪಟ್ಟ ಸಿಪಾಯಿಗಳು ಗಂಟೆಗಟ್ಟಲೆ ಹೋರಾಡಿದರು. ಮಧ್ಯಾಹ್ನ ಸ್ಟುವರ್ಟನೇ ಪಡೆಯೊಡನೆ ಬಂದು ಹಿಂಬದಿಯ ತಡೆಯನ್ನು ಮುರಿದ ಮೇಲೆ ಟಿಪ್ಪುವಿನ ಸೈನ್ಯ ಹಿಮ್ಮೆಟ್ಟಿತು. 'ಬೆಂಕಿ ನವಾಬ'ನೆಂದು ಹೆಸರಾದ ಅವನ ಸೇನಾನಿ ಮಹಮ್ಮದ್ ರಜಾ ಅಲ್ಲಿಯೇ ಮಡಿದನು. ಆಂಗ್ಲರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 143 ಮಂದಿ.

ಕಾಡಿನ ಕಾಳಗದಲ್ಲಿ ನೆಲವನ್ನು ಬಲ್ಲವರೇ ಅರ್ಧ ಗೆದ್ದಂತೆ. ಕೊಡಗಿನ ದೊಡ್ಡವೀರರಾಜೇಂದ್ರನು ಆಂಗ್ಲರ ಕಡೆಗಿದ್ದನು. ಏಕೆ? ಅವನು ಟಿಪ್ಪುವಿನ ಕಾಲದಲ್ಲಿ ಕುಟುಂಬ ಸಮೇತ ಸೆರೆಯಲ್ಲಿದ್ದುದು ಇದೇ ಪಿರಿಯಾಪಟ್ಟಣದ ಕೋಟೆಯಲ್ಲಿ. ಅಲ್ಲಿಂದ ತಪ್ಪಿಸಿಕೊಂಡುದು 1788ರಲ್ಲಿ. ಹನ್ನೊಂದು ವರ್ಷಗಳ ಬಳಿಕ ಅದೇ ಊರಿನ ಹೊರಗೆ ಟಿಪ್ಪುವಿನ ಡೇರೆ ಎದ್ದಾಗ, ಸ್ಟುವರ್ಟನಿಗೆ ದಾರಿಯನ್ನೂ ಧಾನ್ಯವನ್ನೂ ಒದಗಿಸಿದವನು ಆ ಹಳೆಯ ಸೆರೆಯಾಳೇ. ನೆರೆಯವರನ್ನು ಹಗೆಗಳನ್ನಾಗಿ ಮಾಡಿಕೊಂಡ ಅರಸನಿಗೆ ಗಡಿಯ ಕಾಡೂ ಕಾವಲಾಗಲಿಲ್ಲ.

ಇನ್ನೊಂದು ಮಾತು. ಸುತ್ತುವರಿಯಲ್ಪಟ್ಟವರು ಮುಂಬಯಿ ಪ್ರಾಂತದ ಸಿಪಾಯಿಗಳು, ಸುತ್ತುವರಿದವರು ಮೈಸೂರಿನವರು, ನೆರವಾದವರು ಕೊಡಗಿನವರು. ಹೀಗೆ ನಮ್ಮವರು ನಮ್ಮವರೊಡನೆ ಕಾದಾಡಿದರು. ರಾಜ್ಯ ಮಾತ್ರ ಪರರ ವಶವಾಯಿತು. ಪಿರಿಯಾಪಟ್ಟಣದಿಂದ ಸಿದ್ದಾಪುರದತ್ತ ಪ್ರಯಾಣಿಸುವಾಗ ಮಕ್ಕಳಿಗೆ ಇಷ್ಟನ್ನು ಹೇಳಿರಿ.