ಮೀನಿಗೆ ಕಿವಿಯುಂಟೆ? – ಒಂದು ಪ್ರಯೋಗದ ಇತಿಹಾಸ

ಜೈನಾಗಮವು ಮೀನನ್ನು ಪಂಚೇಂದ್ರಿಯ ತಿರ್ಯಂಚ ಜೀವಿಗಳಲ್ಲಿ, ಜಲಚರಗಳ ಸಾಲಿನಲ್ಲಿ ಇರಿಸಿದೆ. ಸ್ಪರ್ಶನ, ರಸನ, ಘ್ರಾಣ, ಚಕ್ಷುಗಳೊಡನೆ ಶ್ರೋತ್ರೇಂದ್ರಿಯವೂ ಅದಕ್ಕುಂಟೆಂಬುದು ಈ ವರ್ಗೀಕರಣದ ಅರ್ಥ. ಯುರೋಪಿನ ವಿಜ್ಞಾನಿಗಳಲ್ಲಾದರೋ, ಮೀನು ಕಿವುಡೇ ಅಲ್ಲವೇ ಎಂಬ ವಿವಾದವು 20ನೆಯ ಶತಮಾನದ ಆರಂಭದ ದಶಕಗಳಲ್ಲಿಯೂ ನಡೆದಿತ್ತು. ಆ ವಿವಾದವು ಬಗೆಹರಿದ ರೀತಿಯಲ್ಲಿ ಇಂದಿನ ಪ್ರೌಢಶಾಲಾ ವಿದ್ಯಾರ್ಥಿಗೆ ವಿಜ್ಞಾನದೊಡನೆ ನೀತಿಯೂ ದೊರೆಯುತ್ತದೆ.

ಆಸ್ಟ್ರಿಯದ ಕ್ರೆಮ್ಸ್‌ಮ್ಯೂನ್ಸ್ಟರ್ ಮಠದ ಕೊಳದಲ್ಲಿ ಗಂಟೆ ಬಾರಿಸಿದೊಡನೆ ಟ್ರೌಟ್ ಮೀನುಗಳು ಆಹಾರಕ್ಕೆ ಬಂದು ಸೇರುತ್ತಿದ್ದವು. 1890ರ ದಶಕದಲ್ಲಿ ಶರೀರಶಾಸ್ತ್ರಜ್ಞ ಅಲೋಯಿಸ್ ಕ್ರೈಡ್ಲ್ ಇದನ್ನು ಪರೀಕ್ಷಿಸಿದನು. ಗಂಟೆಯ ಧ್ವನಿಯಿಂದಲ್ಲ, ಬಂದ ಮನುಷ್ಯನನ್ನು ಅರಿತು ಮೀನುಗಳು ಬರುತ್ತಿದ್ದವೆಂಬುದು ಅವನ ನಿರ್ಣಯ. ಒಂದು ಕಾರಣವನ್ನು ಮತ್ತೊಂದರಿಂದ ಬೇರ್ಪಡಿಸಿ ನೋಡಬೇಕೆಂಬ ಅವನ ಎಚ್ಚರ ಯೋಗ್ಯವಾದುದೇ. ಆದರೆ ಮೀನುಗಳೆಲ್ಲ ಕಿವುಡೆಂಬ ತೀರ್ಮಾನ ನಿಲ್ಲಲಿಲ್ಲ.

ಕಾರ್ಲ್ ಫಾನ್ ಫ್ರಿಶ್ (1886–1982) 1923ರಲ್ಲಿ, ಸಿಳ್ಳೆ ಹಾಕಿದರೆ ಬರುವ ಒಂದು ಪುಟ್ಟ ಬೆಕ್ಕುಮೀನಿನ ಕುರಿತು ಲೇಖನ ಪ್ರಕಟಿಸಿದನು. ಪ್ರತಿಸಲವೂ ಸಿಳ್ಳೆ ಹಾಕಿ ಆಹಾರ ನೀಡಿದ ಮೇಲೆ, ಕೆಲವೇ ದಿನಗಳಲ್ಲಿ ಮೀನು ಸಿಳ್ಳೆಗೇ ತನ್ನ ಅಡಗುತಾಣದಿಂದ ಹೊರಬರತೊಡಗಿತು. ಬೆಕ್ಕುಮೀನು ಮತ್ತು ಗೆಂಡೆಯ ವರ್ಗದ ಮೀನುಗಳಲ್ಲಿ ಗಾಳಿಚೀಲವನ್ನು ಒಳಕಿವಿಗೆ ಸೇರಿಸುವ ಚಿಕ್ಕ ಮೂಳೆಗಳ ಸರಪಳಿಯಿದೆ, ಟ್ರೌಟ್‌ಗೆ ಅದಿಲ್ಲ. ಆದುದರಿಂದ ಅದರ ಶ್ರವಣ ಮಂದ.

ಈ ಸಿದ್ಧಿಯ ಹಿಂದೆ ಒಂದು ನೋವಿನ ಸಂಗತಿಯಿದೆ. ದೃಷ್ಟಿಯ ಪ್ರಭಾವ ಇರಬಾರದೆಂದು ಆ ಮೀನನ್ನು ಕುರುಡುಗೊಳಿಸಲಾಗಿತ್ತು. ಪ್ರಶ್ನೆ ನ್ಯಾಯವಾದುದು, ವಿಧಾನ ಮಾತ್ರ ಅನಿವಾರ್ಯವಾಗಿರಲಿಲ್ಲ. ತೊಟ್ಟಿಗೂ ಮನುಷ್ಯನಿಗೂ ನಡುವೆ ಒಂದು ರಟ್ಟಿನ ಪರದೆ ನಿಲ್ಲಿಸಿದರೂ ದೃಷ್ಟಿ ತಡೆಯಲ್ಪಡುತ್ತದೆ. ಸಂಕಲ್ಪೀ ಹಿಂಸೆಯಿಲ್ಲದೆ ಅದೇ ಉತ್ತರ ದೊರೆಯುವಾಗ, ಜ್ಞಾನದ ಹೆಸರಿನಲ್ಲಿ ಹಿಂಸೆಗೆ ಸಮರ್ಥನೆಯಿಲ್ಲ.

ಹಾಲೆಂಡಿನ ನಿಕೋ ಟಿನ್‌ಬರ್ಗನ್ ಸೌಮ್ಯವಾದ ಮತ್ತೊಂದು ದಾರಿಯನ್ನು ತೋರಿಸಿದನು. ಲೈಡನ್ನಿನಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನುಗಳ ಮುಂದೆ ಅವನು ಬೊಂಬೆಗಳನ್ನಿಟ್ಟನು. ಮೀನಿನ ಆಕಾರವನ್ನೇ ಹೋಲದ, ಆದರೆ ಅಡಿಭಾಗ ಕೆಂಪಾದ ಬೊಂಬೆಯನ್ನು ಗಂಡುಮೀನು ಎದುರಾಳಿಯೆಂದೇ ಭಾವಿಸುತ್ತಿತ್ತು. ಕಿಟಕಿಯಾಚೆ ಕೆಂಪು ಅಂಚೆವಾಹನ ಹಾದುಹೋದಾಗಲೂ ಅವು ಕೆರಳುತ್ತಿದ್ದುವಂತೆ. 1973ರಲ್ಲಿ ಫ್ರಿಶ್, ಟಿನ್‌ಬರ್ಗನ್ ಹಾಗೂ ಕೊನ್ರಾಡ್ ಲೊರೆಂಜ್ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಮನುಷ್ಯನ ಹೊರತು ಸಕಲ ಜೀವಿಗಳನ್ನೂ ಪ್ರಾಣಿಯೆಂದೇ ಹೇಳುತ್ತದೆ. ಮೀನೂ ಅದರಲ್ಲಿ ಸೇರಿದೆ. ಪುಸ್ತಕ, ಮಾದರಿ, ಚಲನಚಿತ್ರಗಳು ಸಾಕಾಗುವಲ್ಲಿ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂಬ ತತ್ತ್ವವೂ ಅದರಲ್ಲಿದೆ. ಈ ಮಸೂದೆಯ ಹಿಂದಿನ ಪ್ರೇರಣೆ ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣಿದೇವಿ ಅರುಂಡೇಲರದು.

ಹೀಗಿರಲಾಗಿ ವಿದ್ಯಾರ್ಥಿಯು ಮಾಡಬಹುದಾದುದು ಯಾವುದು? ಈಗಾಗಲೇ ಸಾಕಿರುವ ಗೋಲ್ಡ್‌ಫಿಶ್ ಗೆಂಡೆಯ ವರ್ಗದ್ದೇ. ಪರದೆಯ ಹಿಂದಿನಿಂದ ಸಿಳ್ಳೆ ಹಾಕಿ ದಿನವೂ ಒಂದೇ ಮೂಲೆಯಲ್ಲಿ ಆಹಾರ ಕೊಡಬೇಕು. ಎರಡು ವಾರಗಳ ತರುವಾಯ ಕೆಲವು ಸಲ ಸಿಳ್ಳೆ ಹಾಕಿಯೂ, ಕೆಲವು ಸಲ ಹಾಕದೆಯೂ, ಆಹಾರ ನೀಡುವ ಮುನ್ನ ಎಷ್ಟು ಮೀನುಗಳು ಆ ಮೂಲೆಗೆ ಬಂದುವೆಂದು ಎಣಿಸಿ ಬರೆದಿಡಬೇಕು. ಎರಡು ಎಣಿಕೆಗಳ ವ್ಯತ್ಯಾಸವೇ ಉತ್ತರ. ಮೀನನ್ನು ಹಸಿವಿನಲ್ಲಿಡಬಾರದು, ಕ್ಲೋರಿನ್ ಇರುವ ನಲ್ಲಿನೀರನ್ನು ನೇರವಾಗಿ ಸುರಿಯಬಾರದು.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವಾಲಯದ ಆಶ್ರಯದಲ್ಲಿರುವ ಮೀನುಗಳನ್ನು ದಡದಿಂದಲೇ ಗಮನಿಸಬಹುದು. ಬಸದಿಗಳ ಕೊಳಗಳಲ್ಲಿ ಮೀನುಗಳಿದ್ದಲ್ಲಿ ಧರ್ಮದರ್ಶಿಗಳು ಮಕ್ಕಳಿಗೆ ಇಂತಹ ಅವಕಾಶ ನೀಡುವುದು ಉಚಿತ. ಆದರೆ ಅತಿಯಾಗಿ ಎಸೆದ ಆಹಾರ ಕೊಳೆತು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕುಗ್ಗಿಸುತ್ತದೆ. ಅಂಗಡಿಯಿಂದ ಕೊಂಡ ಪರದೇಶದ ಮೀನನ್ನು ಜೀವದಯೆಯೆಂದು ಕೆರೆಗೆ ಬಿಟ್ಟರೆ ಅಲ್ಲಿಯ ಮೂಲ ಮೀನುಗಳಿಗೆ ಅದು ಕಂಟಕವಾಗಬಹುದು. ಕರುಣೆಯೂ ಪ್ರಮಾದದಿಂದ ಕೂಡಿದರೆ ಹಿಂಸೆಯಾಗುತ್ತದೆ. ಯತ್ನಾಚಾರದಿಂದ ಕೂಡಿದ ಕುತೂಹಲವೋ ಸಮ್ಯಗ್ಜ್ಞಾನಕ್ಕೆ ದಾರಿಯಾಗುತ್ತದೆ.