ನಾಕೌಟ್ ಫುಟ್ಬಾಲ್‌ನಲ್ಲಿ ಬಾಜಿ ದರಗಳ ಹೋಲಿಕೆ

ಸೋತ ತಂಡ ಅಲ್ಲಿಗೇ ಹೊರಬೀಳುವ ನಾಕೌಟ್ ಪಂದ್ಯಾವಳಿಗಳಲ್ಲಿ ಬೇರೆ ಬೇರೆ ಬುಕ್ಕಿಗಳು ಒಂದೇ ಪಂದ್ಯಕ್ಕೆ ಕೊಡುವ ದರಗಳನ್ನು ಒಂದೇ ಅಳತೆಗೆ ತಂದು ತೂಗುವ ಕ್ರಮ. ಲೀಗ್ ಪಂದ್ಯದಲ್ಲಿ ಗೆಲುವು, ಡ್ರಾ, ಸೋಲು ಮೂರೂ ಅಂತಿಮ ಫಲಿತಾಂಶಗಳೇ. ನಾಕೌಟ್‌ನಲ್ಲಿ ಡ್ರಾ ಆದ ಮೇಲೂ ಒಂದು ತಂಡ ಮುಂದೆ ಹೋಗಲೇಬೇಕು. ಹೋಲಿಕೆಯ ತೊಡಕೆಲ್ಲ ಹುಟ್ಟುವುದು ಇಲ್ಲಿಂದ. ಕರ್ನಾಟಕದಲ್ಲಿ ಫುಟ್ಬಾಲ್ ಬೆಟ್ಟಿಂಗ್ ನಡೆಸುವುದು ಅಪರಾಧವಾಗಿರುವುದರಿಂದ, ದರವನ್ನು ಇಲ್ಲಿ ಸಂಭವನೀಯತೆಯ ಅಂದಾಜು ಎಂದಷ್ಟೇ ಪರಿಗಣಿಸಲಾಗಿದೆ.

ದರದ ಲೆಕ್ಕ

ದರ ಬರೆಯುವ ರೂಢಿ ಮೂರು ಬಗೆ. ಇಂಗ್ಲೆಂಡಿನ ಭಿನ್ನರಾಶಿ ಕ್ರಮದಲ್ಲಿ 5/2 ಎಂದರೆ 2 ರೂಪಾಯಿ ಕಟ್ಟಿದವನಿಗೆ 5 ರೂಪಾಯಿ ಲಾಭ. ಯುರೋಪಿನ ದಶಮಾಂಶ ಕ್ರಮದಲ್ಲಿ ಅದೇ ದರ 3.50, ಕಟ್ಟಿದ ಹಣವೂ ಇದರೊಳಗೇ ಸೇರಿದೆ. ಅಮೆರಿಕದವರು ಅದನ್ನು +250 ಎಂದು ಬರೆಯುತ್ತಾರೆ. 1ನ್ನು ದಶಮಾಂಶ ದರದಿಂದ ಭಾಗಿಸಿದರೆ ಆ ದರದೊಳಗಿನ ಸಂಭವನೀಯತೆ ಸಿಗುತ್ತದೆ: ಇಲ್ಲಿ ಶೇ 28.6.

ಒಂದು ಪಂದ್ಯಕ್ಕೆ ಒಬ್ಬ ಬುಕ್ಕಿ ಗೆಲುವಿಗೆ 2.10, ಡ್ರಾಗೆ 3.20, ಸೋಲಿಗೆ 3.60 ಕೊಟ್ಟಿದ್ದಾನೆ ಎನ್ನೋಣ. ಮೂರರ ಸಂಭವನೀಯತೆ ಕೂಡಿದರೆ ನೂರಾಗುವುದಿಲ್ಲ, ಶೇ 106.65 ಆಗುತ್ತದೆ. ನೂರನ್ನು ಮೀರಿದ ಭಾಗ ಬುಕ್ಕಿ ತನಗಾಗಿ ಇಟ್ಟುಕೊಂಡ ಅಂಚು. ಇನ್ನೊಬ್ಬನ ದರ 2.00, 3.40, 3.75 ಆಗಿದ್ದರೆ ಅವನ ಮೊತ್ತ ಶೇ 106.08. ಇಬ್ಬರಲ್ಲೂ ಮೇಲಾದ ದರವನ್ನೇ ಆಯ್ದರೆ (2.10, 3.40, 3.75) ಮೊತ್ತ ಶೇ 103.70ಕ್ಕೆ ಇಳಿಯುತ್ತದೆ. ಹೋಲಿಕೆಯಿಂದ ಅಂಚು ಕರಗಿತು, ಆದರೆ ಹೋಗಲಿಲ್ಲ. ಒಳ್ಳೆಯ ದರ ಹುಡುಕಿ ಕಟ್ಟುವವನೂ ಸಾಮಾನ್ಯವಾಗಿ ನಷ್ಟದ ಕಡೆಯೇ ನಿಂತಿರುತ್ತಾನೆ ಎಂಬುದನ್ನು ಈ ವಿಷಯದ ಪ್ರಚಾರ ಬರಹಗಳು ಹೇಳುವುದು ಕಡಿಮೆ.

ದರ ಕಡಿಮೆಯಿರುವ ಬಲಿಷ್ಠರಿಗಿಂತ ದರ ಏರಿರುವ ದುರ್ಬಲರ ಮೇಲೆ ಜನ ಅಗತ್ಯಕ್ಕಿಂತ ಹೆಚ್ಚು ಹಣ ಸುರಿಯುತ್ತಾರೆ ಎಂಬುದನ್ನು ರಿಚರ್ಡ್ ಗ್ರಿಫಿತ್ 1949ರಲ್ಲಿ ಕುದುರೆ ರೇಸಿನ ಅಂಕಿಗಳಿಂದ ತೋರಿಸಿದರು. ಫುಟ್ಬಾಲ್‌ನಲ್ಲೂ ಈ ಒಲವು ಹಲವು ಅಧ್ಯಯನಗಳಲ್ಲಿ ಕಂಡಿದೆ, ಎಲ್ಲದರಲ್ಲೂ ಅಲ್ಲ.

ತೊಂಬತ್ತು ನಿಮಿಷದ ಪ್ರಶ್ನೆ

ನಾಕೌಟ್ ಪಂದ್ಯಕ್ಕೆ ಎರಡು ಬಗೆಯ ದರ ಅಕ್ಕಪಕ್ಕದಲ್ಲೇ ಇರುತ್ತವೆ. ಮೊದಲನೆಯದು ನಿಗದಿತ 90 ನಿಮಿಷ ಮತ್ತು ಗಾಯದ ಬಿಡುವಿಗೆ ಸೇರಿಸಿದ ಸಮಯ ಮುಗಿದಾಗಿನ ಫಲಿತಾಂಶಕ್ಕೆ. ಇದರಲ್ಲಿ ಡ್ರಾ ಉಂಟು. ಎರಡನೆಯದು ಮುಂದಿನ ಸುತ್ತಿಗೆ ಹೋಗುವವರು ಯಾರು ಎಂಬುದಕ್ಕೆ. 30 ನಿಮಿಷದ ಹೆಚ್ಚುವರಿ ಆಟವೂ ಪೆನಾಲ್ಟಿ ಶೂಟೌಟೂ ಇದರ ಲೆಕ್ಕಕ್ಕೆ ಬರುತ್ತವೆ. ಒಬ್ಬನ 2.10ನ್ನು ಇನ್ನೊಬ್ಬನ 1.62ರ ಪಕ್ಕದಲ್ಲಿಟ್ಟು ಮೊದಲನೆಯದೇ ಮೇಲು ಎನ್ನುವವರು ಎರಡು ಬೇರೆ ಪ್ರಶ್ನೆಗಳ ಉತ್ತರವನ್ನು ಹೋಲಿಸುತ್ತಿದ್ದಾರೆ. ನಾಕೌಟ್ ದರಗಳ ಓದಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ಮೇಲಿನ ಮೊದಲ ಬುಕ್ಕಿಯ ದರದಿಂದ ಅಂಚನ್ನು ತೆಗೆದರೆ ಗೆಲುವಿಗೆ ಶೇ 44.7, ಡ್ರಾಗೆ ಶೇ 29.3, ಸೋಲಿಗೆ ಶೇ 26.0 ಉಳಿಯುತ್ತದೆ. ಡ್ರಾದ ಪಾಲನ್ನು ಸಮನಾಗಿ ಹಂಚಿದರೆ ಬಲಿಷ್ಠ ತಂಡ ಮುಂದೆ ಹೋಗುವ ಸಂಭವ ಸುಮಾರು ಶೇ 59.3, ಅದಕ್ಕೆ ನ್ಯಾಯವಾದ ದರ 1.69. ಅಂದರೆ 1.62 ಕೊಟ್ಟವನು ಕಡಿಮೆ ಕೊಟ್ಟಿದ್ದಾನೆ, ಆದರೆ 2.10ಕ್ಕೆ ಹೋಲಿಸಿ ಅಲ್ಲ. ಅರ್ಧಕ್ಕರ್ಧ ಹಂಚುವುದೂ ಒಂದು ಅಂದಾಜೇ. ಹೆಚ್ಚುವರಿ ಸಮಯದಲ್ಲಿ ಬಲಿಷ್ಠರಿಗೆ ಸ್ವಲ್ಪ ಅನುಕೂಲ ಉಳಿದಿರುತ್ತದೆ, ಶೂಟೌಟ್‌ನಲ್ಲಿ ಅದು ಬಹುಮಟ್ಟಿಗೆ ಅಳಿಯುತ್ತದೆ. ಮೊದಲು ಒದೆಯುವ ತಂಡವೇ ಹೆಚ್ಚು ಗೆಲ್ಲುತ್ತದೆ ಎಂದು ಅಪೆಸ್ತೆಗಿಯಾ ಮತ್ತು ಪಲಾಸಿಯೊಸ್-ಹ್ಯುಯೆರ್ಟಾ 2010ರಲ್ಲಿ ವಾದಿಸಿದರು. ಇನ್ನೂ ಹೆಚ್ಚು ಶೂಟೌಟ್‌ಗಳನ್ನು ನೋಡಿದ ನಂತರದ ಅಧ್ಯಯನ ಅದನ್ನು ಒಪ್ಪಲಿಲ್ಲ.

ಡ್ರಾ ಅಪರೂಪದ ಸಂಗತಿಯಲ್ಲ. ವಿಶ್ವಕಪ್‌ನ 2006, 2010, 2014 ಮತ್ತು 2022ರ ಫೈನಲ್‌ಗಳು 90 ನಿಮಿಷಕ್ಕೆ ಸಮಬಲದಲ್ಲಿದ್ದವು. ಈ ಅವಧಿಯ ಐದು ಫೈನಲ್‌ಗಳಲ್ಲಿ ನಿಗದಿತ ಸಮಯದಲ್ಲೇ ತೀರ್ಮಾನವಾದದ್ದು 2018ರದು ಮಾತ್ರ. 2022ರಲ್ಲಿ ಅರ್ಜೆಂಟೀನಾ ಕಪ್ ಎತ್ತಿದರೂ 90 ನಿಮಿಷದ ಲೆಕ್ಕದಲ್ಲಿ ಫ್ರಾನ್ಸ್ ಜೊತೆ 2–2 ಡ್ರಾ.

ಕನ್ನಡ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರು ಎಫ್‌ಸಿಯದು. ಕಟಕ್‌ನಲ್ಲಿ ನಡೆದ 2017ರ ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಸಿ.ಕೆ. ವಿನೀತ್ ಹೊಡೆದ ಎರಡೂ ಗೋಲು ಬಂದದ್ದು ಹೆಚ್ಚುವರಿ ಸಮಯದಲ್ಲಿ. 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಗೋವಾ ವಿರುದ್ಧ ರಾಹುಲ್ ಭೆಕೆಯ ಏಕೈಕ ಗೋಲು ಕೂಡ ಹಾಗೆಯೇ. 2023 ಮತ್ತು 2025ರ ಐಎಸ್‌ಎಲ್ ಫೈನಲ್‌ಗಳಲ್ಲಿ ತಂಡ ಸೋತಿತು, ಆದರೆ 90 ನಿಮಿಷಕ್ಕೆ ಎರಡೂ ಡ್ರಾ.

2023ರ ಮಾರ್ಚ್ ತಿಂಗಳೊಂದನ್ನೇ ಬಿಡಿಸಿ ನೋಡುವುದು ಯೋಗ್ಯ. ಕಂಠೀರವ ಕ್ರೀಡಾಂಗಣದಲ್ಲಿ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್ 90 ನಿಮಿಷಕ್ಕೆ 0–0. ಹೆಚ್ಚುವರಿ ಸಮಯದಲ್ಲಿ ಸುನಿಲ್ ಚೆಟ್ರಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಒದ್ದು ಗೋಲು ಮಾಡಿದರು. ಬ್ಲಾಸ್ಟರ್ಸ್ ಪ್ರತಿಭಟಿಸಿ ಮೈದಾನ ಬಿಟ್ಟಿತು. ಗೆಲುವನ್ನು ಬೆಂಗಳೂರಿಗೆ ಕೊಡಲಾಯಿತು. 90 ನಿಮಿಷದ ಲೆಕ್ಕದಲ್ಲಿ ಡ್ರಾ, ಮುಂದೆ ಹೋದದ್ದು ಬೆಂಗಳೂರು. ನಂತರ ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯವನ್ನು ಬೆಂಗಳೂರು 1–0ರಿಂದ ಗೆದ್ದಿತ್ತು. ಎರಡನೆಯ ಪಂದ್ಯದ 90 ನಿಮಿಷ ಮುಗಿದಾಗ ಮುಂಬೈ 2–1ರಿಂದ ಮುಂದಿತ್ತು, ಒಟ್ಟು ಗೋಲು 2–2. ಶೂಟೌಟ್‌ನಲ್ಲಿ 9–8ರಿಂದ ಗೆದ್ದು ಫೈನಲ್‌ಗೆ ಹೋದದ್ದು ಬೆಂಗಳೂರು. ಆ ದಿನ ಪಂದ್ಯದ ದರದಲ್ಲಿ ಗೆದ್ದ ತಂಡ ಒಂದು, ಅರ್ಹತೆಯ ದರದಲ್ಲಿ ಗೆದ್ದ ತಂಡ ಇನ್ನೊಂದು. ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಜೊತೆ 2–2. ಶೂಟೌಟ್‌ನಲ್ಲಿ 4–3ರಿಂದ ಸೋಲು. ಮೂರು ಹಂತಗಳಲ್ಲೂ ಎರಡು ದರಗಳು ಬೇರೆ ಬೇರೆ ಉತ್ತರ ಕೊಟ್ಟವು.

ಮನೆಯಂಗಳ ಮತ್ತು ಹೊರಗಣ ಎರಡು ಪಂದ್ಯಗಳ ಮಾದರಿಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಒಟ್ಟು ಗೋಲು ಸಮನಾದಾಗ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದ ತಂಡವನ್ನು ಮುಂದೆ ಕಳುಹಿಸುವ ಹೊರಗಣ ಗೋಲಿನ ನಿಯಮವನ್ನು ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್‌ಎ 2021ರಲ್ಲಿ ಕೈಬಿಟ್ಟಿತು. ಅದಕ್ಕೆ ಹಿಂದಿನ ದರಗಳನ್ನು ಈಗಿನವುಗಳ ಜೊತೆ ಇಟ್ಟು ನೋಡುವುದು ಸರಿಯಲ್ಲ.

ಕಪ್ ಗೆಲ್ಲುವ ದರ, ಬೈ

ಇಡೀ ಪಂದ್ಯಾವಳಿ ಗೆಲ್ಲುವವರಿಗೆ ಕೊಡುವ ದರದಲ್ಲಿ ಬುಕ್ಕಿಯ ಅಂಚು ಒಂದು ಪಂದ್ಯದ ದರಕ್ಕಿಂತ ಸಾಮಾನ್ಯವಾಗಿ ಬಹಳ ಹೆಚ್ಚು. ಜೊತೆಗೆ ಅದು ತಂಡದ ಬಲವನ್ನಷ್ಟೇ ಅಲ್ಲ, ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತಿದಾಗ ಬಿದ್ದ ದಾರಿಯನ್ನೂ ಅಳೆಯುತ್ತದೆ. ಪ್ರತಿ ಪಂದ್ಯ ಗೆಲ್ಲುವ ಸಂಭವ ಶೇ 60 ಇರುವ ತಂಡ 16 ತಂಡಗಳ ಕಪ್‌ನಲ್ಲಿ ನಾಲ್ಕು ಸಲ ಗೆಲ್ಲಬೇಕು; ಸಂಭವ ಶೇ 13, ನ್ಯಾಯವಾದ ದರ ಸುಮಾರು 7.70. ಅದೇ ತಂಡಕ್ಕೆ ಮೊದಲ ಸುತ್ತಿನಲ್ಲಿ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಸಿಕ್ಕರೆ ಮೂರೇ ಗೆಲುವು ಸಾಕು: ಶೇ 21.6, ದರ 4.63. ಆದ್ದರಿಂದ ಚೀಟಿ ಎತ್ತುವ ಮೊದಲಿನ ದರವನ್ನು ಎತ್ತಿದ ಮೇಲಿನ ದರದೊಂದಿಗೆ ಹೋಲಿಸಬಾರದು.

ಕೊಡಗಿನ ನಾಕೌಟ್

ಈ ಲೆಕ್ಕ ಅರಿಯಲು ಕೊಡಗಿಗಿಂತ ಒಳ್ಳೆಯ ನೆಲವಿಲ್ಲ, ಆದರೆ ಹಾಕಿಯ ಮೂಲಕ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯಲ್ಲಿ 60 ಕುಟುಂಬಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಹಾಕಿ ಉತ್ಸವದಲ್ಲಿ 360. ಪ್ರತಿ ಪಂದ್ಯ ಒಂದು ತಂಡವನ್ನು ಹೊರಹಾಕುವುದರಿಂದ, 360 ತಂಡಗಳಲ್ಲಿ ಒಂದೇ ಉಳಿಯಲು 359 ಪಂದ್ಯ ಬೇಕು. ಶುದ್ಧ ನಾಕೌಟ್‌ನಲ್ಲಿ ತಂಡಗಳ ಸಂಖ್ಯೆ ಎರಡರ ಘಾತವಾದ 512ಕ್ಕೆ ಹೊಂದಬೇಕಾದ್ದರಿಂದ ಮೊದಲ ಸುತ್ತಿನಲ್ಲಿ 152 ಬೈ.

ಫುಟ್ಬಾಲ್‌ಗೆ ಕೊಡಗಿನ ಹಾರಂಗಿಯ ಸುತ್ತಮುತ್ತ ಹೆಸರಾದದ್ದು ಸುಂಟಿಕೊಪ್ಪ; ಅಲ್ಲಿನ ಬ್ಲೂ ಬಾಯ್ಸ್ ಯುವಕ ಸಂಘ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ನಡೆಸುತ್ತ ಬಂದಿದೆ. ಊರ ಪಂದ್ಯಾವಳಿಗಳಲ್ಲಿ ಹೆಚ್ಚುವರಿ ಸಮಯ ಕೊಡದೆ ನೇರ ಟೈಬ್ರೇಕರ್‌ಗೆ ಹೋಗುವುದುಂಟು. ಅಂಥ ಕಡೆ ದುರ್ಬಲ ತಂಡಕ್ಕೆ ಡ್ರಾ ಇನ್ನಷ್ಟು ಬೆಲೆಯುಳ್ಳದ್ದು, ರಕ್ಷಣೆಗೆ ಇಳಿದು ಆಡುವುದು ಲೆಕ್ಕದ ದೃಷ್ಟಿಯಿಂದ ಸರಿ.

ಕಾನೂನು

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಬೆಟ್ಟಿಂಗ್ ಮತ್ತು ಜೂಜು ರಾಜ್ಯಪಟ್ಟಿಯ 34ನೇ ವಿಷಯ. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆ ಅನ್ವಯಿಸುತ್ತದೆ. ಆನ್‌ಲೈನ್ ಆಟಗಳನ್ನು ಸೇರಿಸಿದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಕುದುರೆ ರೇಸನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಕೌಶಲದ ಆಟವೆಂದು ಎಣಿಸಿತು. ಫುಟ್ಬಾಲ್ ಬಾಜಿಗೆ ಆ ಮಾನ್ಯತೆ ಇಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಮಿನಂತೆ ಪಣದ ಒಪ್ಪಂದ ಅನೂರ್ಜಿತ, ಗೆದ್ದವನು ಹಣಕ್ಕಾಗಿ ದಾವೆ ಹೂಡುವಂತಿಲ್ಲ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಆಡಿಸುವವರಿಗೆ 3 ವರ್ಷದವರೆಗೆ ಸೆರೆ ಅಥವಾ 1 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ, ಆಡಿದವರಿಗೆ ಶಿಕ್ಷೆಯಿಲ್ಲ. ದರಗಳನ್ನು ಹೋಲಿಸಿ ತೋರಿಸಿ, ಗ್ರಾಹಕರನ್ನು ಬುಕ್ಕಿಗಳತ್ತ ಕಳುಹಿಸಿ ಕಮಿಷನ್ ಪಡೆಯುವ ವ್ಯವಹಾರವೂ ಜಾಹೀರಾತಿನ ನಿಷೇಧದೊಳಗೆ ಬರುತ್ತದೆ ಎಂದು ಓದಲು ಅವಕಾಶವಿದೆ.